ಮರಣದ ಲೆಕ್ಕವೂ ಜನಕ್ಷೇಮವೂ

ನಮ್ಮ ಶಾಸನಗಳಲ್ಲಿ ಅರಸರು ‘ಸುಖಸಂಕಥಾವಿನೋದ’ದಿಂದ ರಾಜ್ಯಭಾರ ಮಾಡುತ್ತಿದ್ದರೆಂಬ ಒಕ್ಕಣೆ ಪದೇಪದೇ ಬರುತ್ತದೆ. ಅರಸನು ಯುದ್ಧದ ಬೀಡಿನಲ್ಲಿರಲಿ, ನಾಡು ಕ್ಷಾಮದಲ್ಲಿರಲಿ, ಒಕ್ಕಣೆ ಮಾತ್ರ ಬದಲಾಗುವುದಿಲ್ಲ. ಆದುದರಿಂದಲೇ ಈ ಮಾತನ್ನು ಆಧಾರವಾಗಿಟ್ಟುಕೊಂಡು, ಆ ಕಾಲದ ಪ್ರಜೆಗಳು ಸುಖವಾಗಿದ್ದರೆಂದು ಬರೆಯುವ ಇತಿಹಾಸಕಾರನು ಇಂದು ಯಾರೂ ಇಲ್ಲ. ಅದು ಶಾಸನದ ಶೈಲಿಯೆಂದು ಮೊದಲನೆಯ ವರ್ಷದ ವಿದ್ಯಾರ್ಥಿಗೂ ಗೊತ್ತು. ಆದರೆ ಇದೇ ವಿದ್ಯಾರ್ಥಿ, ಅವನ ಅಧ್ಯಾಪಕನೂ ಕೂಡ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಬಂದೊಡನೆ ಈ ಎಚ್ಚರವನ್ನು ಕೈಬಿಡುವುದನ್ನು ನಾವು ಕಾಣುತ್ತೇವೆ. ಅಲ್ಲಿ ಕಲ್ಲಿನ ಬದಲು ಅಚ್ಚಾದ ಕೋಷ್ಟಕವಿದೆ. ಅರಸನ ಬಿರುದುಗಳ ಬದಲು ಸಾವಿರಕ್ಕೆ ಇಷ್ಟು ಜನನ, ಇಷ್ಟು ಮರಣ ಎಂಬ ಅಂಕಿಗಳಿವೆ. ಅಂಕಿಗಳಿಗೆ ಶೈಲಿಯಿಲ್ಲವೆಂಬುದು ನಮ್ಮ ನಂಬಿಕೆ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಮೈಸೂರು ಸಂಸ್ಥಾನದ ಆಧುನಿಕ ಇತಿಹಾಸವನ್ನು ಕುರಿತ ಪ್ರಬಂಧಗಳಲ್ಲಿ ‘ಸಾರ್ವಜನಿಕ ಆರೋಗ್ಯ’ ಎಂಬ ಅಧ್ಯಾಯ ಈಗ ಕಡ್ಡಾಯವೆಂಬಷ್ಟು ರೂಢಿಯಾಗಿದೆ. ಆಸ್ಪತ್ರೆಗಳ ಸಂಖ್ಯೆ ಏರಿತು, ದೇವಿ ಹಾಕಿಸಿಕೊಂಡವರ ಸಂಖ್ಯೆ ಏರಿತು, ಮರಣದ ಪ್ರಮಾಣ ಇಳಿಯಿತು, ಆದಕಾರಣ ಜನರು ಕ್ಷೇಮವಾಗಿದ್ದರು: ವಾದದ ಸರಣಿ ಇಷ್ಟೇ. ಈ ಸರಣಿಯಲ್ಲಿ ‘ಆದಕಾರಣ’ ಎಂಬ ಒಂದು ಮಾತು ಹೊರುವ ಭಾರವನ್ನು ಯಾರೂ ತೂಗಿ ನೋಡಿದಂತಿಲ್ಲ. ಕ್ಷೇಮವೆಂಬುದು ನಮ್ಮ ಭಾಷೆಯಲ್ಲಿ ಬಹು ವಿಶಾಲವಾದ ಶಬ್ದ. ‘ಉಭಯ ಕುಶಲೋಪರಿ’ ಎಂದು ಆರಂಭವಾಗುತ್ತಿದ್ದ ಹಿಂದಿನ ಕಾಗದಗಳಲ್ಲಿ ಕ್ಷೇಮಸಮಾಚಾರವೆಂದರೆ ಮಳೆ ಬೆಳೆ, ದನಕರು, ಮಗಳ ಬಾಣಂತನ, ಸಾಲದ ಕಂತು ಎಲ್ಲವೂ ಸೇರುತ್ತಿತ್ತು. ಯಾರೂ ಸಾಯಲಿಲ್ಲ ಎಂಬುದು ಅದರ ಒಂದು ವಾಕ್ಯ ಮಾತ್ರ.

ಮೊದಲು ಈ ಲೆಕ್ಕಗಳು ಹುಟ್ಟಿದ ಬಗೆಯನ್ನು ನೋಡೋಣ. ಹಳ್ಳಿಗಳಲ್ಲಿ ಜನನ-ಮರಣಗಳ ವರದಿ ಪಟೇಲ-ಶಾನುಭೋಗರ ಮೂಲಕ ತಾಲ್ಲೂಕು ಕಚೇರಿಗೆ, ಅಲ್ಲಿಂದ ಮೇಲಕ್ಕೆ ಹೋಗುತ್ತಿತ್ತು. ಕಂದಾಯ, ಪಹಣಿ, ಜಮಾಬಂದಿಗಳ ನಡುವೆ ಇದೂ ಒಂದು ಕೆಲಸ. ಕಂದಾಯದ ಲೆಕ್ಕ ತಪ್ಪಿದರೆ ಆಗುತ್ತಿದ್ದ ವಿಚಾರಣೆ, ಹುಟ್ಟಿ ಮೂರು ದಿನಕ್ಕೆ ಸತ್ತ ಕೂಸಿನ ಲೆಕ್ಕ ತಪ್ಪಿದರೆ ಆಗುತ್ತಿರಲಿಲ್ಲ. ಮರಣದ ಕಾರಣವನ್ನು ಬರೆಯಲು ಇದ್ದ ಕಲಮುಗಳಾದರೂ ಕೆಲವೇ: ವಾಂತಿಭೇದಿ, ಸಿಡುಬು, ಜ್ವರ, ಆಮಶಂಕೆ-ಅತಿಸಾರ, ಅಪಘಾತ, ಇತರ, ಮುಂದೆ ಪ್ಲೇಗು ಸೇರಿತು. ವೈದ್ಯನು ನೋಡದ ಸಾವಿಗೆ ಕಾರಣವನ್ನು ಹೇಳಬೇಕಾದವರು ಮನೆಯವರು, ಬರೆಯಬೇಕಾದವನು ಶಾನುಭೋಗ. ಸಾಯುವವನಿಗೆ ಕೊನೆಯಲ್ಲಿ ಮೈ ಬಿಸಿಯಾಗಿದ್ದರೆ ಅದು ಜ್ವರ. ಚಳಿಜ್ವರ, ವಿಷಮಶೀತಜ್ವರ, ಕ್ಷಯ, ಬಾಣಂತಿಯ ನಂಜು ಇವೆಲ್ಲವೂ ಆ ಒಂದು ಕಲಮಿನಲ್ಲಿ ಕರಗಿಹೋದುವು. ಬ್ರಿಟಿಷ್ ಇಂಡಿಯಾದ ಪ್ರಾಂತಗಳಲ್ಲಿಯೂ ಸ್ಥಿತಿ ಇದೇ. ವರ್ಷವರ್ಷವೂ ಮರಣಗಳಲ್ಲಿ ಬಹುಭಾಗ ‘ಜ್ವರ’ದಿಂದಲೇ ಆದುವೆಂದು ಅಲ್ಲಿನ ವರದಿಗಳು ಹೇಳುತ್ತವೆ. ಹೀಗಿರಲು, ಇಂಥ ವರ್ಷ ಜ್ವರದ ಮರಣಗಳು ಇಳಿದುವೆಂದು ನಾವು ಓದಿದಾಗ, ಇಳಿದದ್ದು ಜ್ವರವೇ, ಬರೆಯುವ ಶ್ರದ್ಧೆಯೇ ಎಂದು ಕೇಳುವುದು ಕುಚೋದ್ಯವಲ್ಲ. ಅದು ಆಕರವಿಮರ್ಶೆಯ ಮೊದಲನೆಯ ಪ್ರಶ್ನೆ.

ಹಾಗೆಂದು ಅಂಕಿಗಳನ್ನೆಲ್ಲ ತಿಪ್ಪೆಗೆ ಎಸೆಯಬೇಕೆಂಬ ಪಕ್ಷ ನಮ್ಮದಲ್ಲ. ಒಂದು ಲೆಕ್ಕದ ಎದುರಿಗೆ ಇನ್ನೊಂದನ್ನು ಇಟ್ಟು ನೋಡಿದರೆ ಅವು ಏನನ್ನು ಹೇಳಬಲ್ಲವೆಂಬುದಕ್ಕೆ ಧಾತು-ಈಶ್ವರ ಸಂವತ್ಸರಗಳ ಬರ, ಎಂದರೆ ೧೮೭೬-೭೮ರ ಮಹಾಕ್ಷಾಮ, ಒಳ್ಳೆಯ ನಿದರ್ಶನ. ೧೮೭೧ರ ಖಾನೇಷುಮಾರಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ ೫೦,೫೫,೪೧೨. ೧೮೮೧ರಲ್ಲಿ ಅದು ೪೧,೮೬,೧೮೮. ಹತ್ತು ವರ್ಷಗಳಲ್ಲಿ ೮,೬೯,೨೨೪ ಜನರು, ಎಂದರೆ ನೂರಕ್ಕೆ ಹದಿನೇಳು ಮಂದಿ, ಕಡಮೆಯಾದರು. ಆದರೆ ಇದು ಪೂರ್ತಿ ಲೆಕ್ಕವಲ್ಲ. ೧೮೭೧ರಿಂದ ಬರ ಬರುವವರೆಗಿನ ಐದು ವರ್ಷಗಳಲ್ಲಿ ಹುಟ್ಟಿ ಬೆಳೆದ ಜನವನ್ನೂ ಸೇರಿಸಿದರೆ ನಷ್ಟ ಇನ್ನೂ ಹೆಚ್ಚು. ಊರು ಬಿಟ್ಟು ಬೆಂಗಳೂರಿನ ದಾರಿ ಹಿಡಿದು, ನಡುವೆ ಯಾವುದೋ ಸಾಲುಮರದ ಕೆಳಗೆ ಬಿದ್ದವನ ಸಾವನ್ನು ಯಾವ ಊರಿನ ಪಟ್ಟಿಯಲ್ಲಿ ಬರೆಯಬೇಕು? ಅವನ ಊರಿನ ಪಟೇಲನಿಗೆ ಅವನು ಹೋದವನು. ದಾರಿಯ ಊರಿನವನಿಗೆ ಅವನು ಯಾರೋ. ಬರ ಎಷ್ಟು ಘೋರವೋ ಮರಣದ ನೋಂದಣಿ ಅಷ್ಟು ದುರ್ಬಲ. ಇದು ಈ ಆಕರದ ಸ್ವಭಾವವೇ ಆಗಿದೆ. ಎಲ್ಲಿ ಸಾಕ್ಷ್ಯ ಅತ್ಯಗತ್ಯವೋ ಅಲ್ಲಿಯೇ ಸಾಕ್ಷಿ ಬಾಯಿ ಮುಚ್ಚುತ್ತಾನೆ.

ಇನ್ನು ಮುಂದಿನ ದಶಕವನ್ನು ನೋಡಿ. ೧೮೯೧ರಲ್ಲಿ ಜನಸಂಖ್ಯೆ ೪೯,೪೩,೬೦೪. ಏರಿಕೆ ನೂರಕ್ಕೆ ಹದಿನೆಂಟು. ೧೮೮೧ ಮೈಸೂರು ರಾಜ್ಯವನ್ನು ಒಡೆಯರ ಮನೆತನಕ್ಕೆ ಹಿಂದಕ್ಕೆ ಒಪ್ಪಿಸಿದ ವರ್ಷ. ಪ್ರಜಾಪ್ರತಿನಿಧಿ ಸಭೆ ಆರಂಭವಾದ ವರ್ಷ. ರಂಗಾಚಾರ್ಲು ಅವರೂ ಅವರ ತರುವಾಯ ಶೇಷಾದ್ರಿ ಅಯ್ಯರ್ ಅವರೂ ದಿವಾನರಾಗಿದ್ದ ದಶಕವಿದು. ಆದುದರಿಂದ ಈ ಏರಿಕೆಯನ್ನು ದಕ್ಷವಾದ ಆಡಳಿತದ ಫಲವೆಂದು ಬರೆದುಬಿಡುವುದು ಸುಲಭ, ಬರೆದವರೂ ಉಂಟು. ಆ ಇಬ್ಬರ ದಕ್ಷತೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಈ ಅಂಕಿ ಅದಕ್ಕೆ ಸಾಕ್ಷಿಯಾಗಲಾರದು. ಮಹಾಕ್ಷಾಮದಲ್ಲಿ ಮೊದಲು ಸಾಯುವವರು ಕೂಸುಗಳು ಮತ್ತು ಮುದುಕರು. ಉಳಿದವರಲ್ಲಿ ಮಕ್ಕಳನ್ನು ಹೆರುವ ವಯಸ್ಸಿನವರ ಪಾಲು ಹೆಚ್ಚಾಗಿರುತ್ತದೆ. ಊರು ಬಿಟ್ಟವರಲ್ಲಿ ಕೆಲವರು ಹಿಂದಿರುಗುತ್ತಾರೆ. ಗಣತಿಯೂ ಮೊದಲಿಗಿಂತ ಬಿಗಿಯಾಗುತ್ತದೆ. ಇಷ್ಟೆಲ್ಲ ಆದ ಮೇಲೆಯೂ ೧೮೯೧ರ ಸಂಖ್ಯೆ ೧೮೭೧ರದಕ್ಕಿಂತ ೧,೧೧,೮೦೮ರಷ್ಟು ಕಡಮೆಯೇ. ಇಪ್ಪತ್ತು ವರ್ಷಗಳಾದರೂ ತುಂಬದಿದ್ದ ಹಳ್ಳವನ್ನು ನಾವು ದಿಣ್ಣೆಯೆಂದು ತೋರಿಸುತ್ತಿದ್ದೇವೆ.

ಇದೇ ಬರದ ಕಾಲದಲ್ಲಿ ಅಂಕಿಗಳನ್ನು ಬೇರೊಂದು ರೀತಿ ಬಳಸಿದ ಒಬ್ಬ ಅಧಿಕಾರಿಯ ವಿಷಯ ನಮ್ಮ ಪಠ್ಯಗಳಲ್ಲಿ ಬರಬೇಕಾದಷ್ಟು ಬಂದಿಲ್ಲ. ೧೮೭೭ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಕ್ಷಾಮದ ವೆಚ್ಚವನ್ನು ಹತೋಟಿಗೆ ತರಲು ಸರ್ ರಿಚರ್ಡ್ ಟೆಂಪಲನನ್ನು ದಕ್ಷಿಣಕ್ಕೆ ಕಳುಹಿಸಿದನು. ಪರಿಹಾರದ ಕೆಲಸದಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಸ್ವಲ್ಪ ಕಾಸು ಸಾಕೆಂದು ಟೆಂಪಲನ ನಿರ್ಣಯ. ಮದರಾಸು ಆಧಿಪತ್ಯದ ನೈರ್ಮಲ್ಯ ಕಮಿಷನರನಾಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದನು. ೧೮೭೧ರ ಮದರಾಸು ಖಾನೇಷುಮಾರಿಯ ವರದಿಯನ್ನು ಬರೆದವನೂ ಈತನೇ. ದುಡಿಯುವ ದೇಹಕ್ಕೆ ಬೇಕಾದ ಆಹಾರವೆಷ್ಟು, ಸೆರೆಮನೆಯಲ್ಲಿ ಕೈದಿಗೆ ಕೊಡುವುದೆಷ್ಟು, ಪರಿಹಾರದ ಬೀಡುಗಳಲ್ಲಿ ಸಾಯುತ್ತಿರುವವರೆಷ್ಟು ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು, ಈ ಕೂಲಿ ಬದುಕಿಸುವ ಕೂಲಿಯಲ್ಲವೆಂದು ವಾದಿಸಿದನು. ಟೆಂಪಲನೂ ಅಂಕಿಗಳಿಂದಲೇ ಉತ್ತರ ಕೊಟ್ಟನು. ಅವನವು ಖಜಾನೆಯ ಅಂಕಿಗಳು. ಕೆಲವು ತಿಂಗಳ ತರುವಾಯ ಮದರಾಸು ಸರ್ಕಾರ ಆಹಾರದ ಪ್ರಮಾಣವನ್ನು ಹೆಚ್ಚಿಸಿತು. ಆಗ ಮದರಾಸಿಗೆ ಸೇರಿದ್ದ ಬಳ್ಳಾರಿ ಸೀಮೆಯ ನಮ್ಮ ಜನರಿಗೆ ಇದು ಪುಸ್ತಕದ ಚರ್ಚೆಯಾಗಿರಲಿಲ್ಲ. ಇಲ್ಲಿ ನಮ್ಮ ಗಮನಕ್ಕೆ ಬರಬೇಕಾದುದು ಕಾರ್ನಿಷನ ಕರುಣೆಯಷ್ಟೇ ಅಲ್ಲ, ಅವನ ವಿಧಾನ. ಅವನು ಮರಣದ ಸಂಖ್ಯೆಯನ್ನು ಒಂಟಿಯಾಗಿ ನಿಲ್ಲಿಸಲಿಲ್ಲ. ಊಟದ ತಟ್ಟೆಯ ಪಕ್ಕದಲ್ಲಿ, ಹೊರುವ ಬುಟ್ಟಿಯ ಪಕ್ಕದಲ್ಲಿ ಇಟ್ಟನು.

ಪ್ಲೇಗಿನ ವಿಷಯದಲ್ಲಿ ತೊಡಕು ಬೇರೆ ಬಗೆಯದು. ೧೮೯೬ರಲ್ಲಿ ಬೊಂಬಾಯಿಗೆ ಬಂದ ಈ ರೋಗ ರೈಲುದಾರಿ ಹಿಡಿದು ೧೮೯೮ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ೧೮೯೧ರಲ್ಲಿ ಪೇಟೆ ದಂಡುಗಳೆರಡೂ ಸೇರಿ ೧,೮೦,೩೬೬ ಜನರಿದ್ದ ಬೆಂಗಳೂರಿನಲ್ಲಿ ೧೯೦೧ರಲ್ಲಿ ಉಳಿದವರು ೧,೫೯,೦೪೬. ಮೈಸೂರು ನಗರ ೭೪,೦೪೮ರಿಂದ ೬೮,೧೧೧ಕ್ಕೆ ಇಳಿಯಿತು. ಆದರೆ ಇಡೀ ಸಂಸ್ಥಾನವನ್ನು ತೆಗೆದುಕೊಂಡರೆ ಅದೇ ದಶಕದಲ್ಲಿ ಜನಸಂಖ್ಯೆ ೫೫,೩೯,೩೯೯ಕ್ಕೆ, ಎಂದರೆ ನೂರಕ್ಕೆ ಹನ್ನೆರಡರಷ್ಟು, ಏರಿದೆ! ಕೋಲಾರದ ಚಿನ್ನದ ಗಣಿಯ ಪ್ರದೇಶವಂತೂ ೭,೦೮೫ರಿಂದ ೩೮,೨೦೪ಕ್ಕೆ ಹಾರಿದೆ. ಸಂಸ್ಥಾನದ ಸರಾಸರಿಯನ್ನು ಮಾತ್ರ ಓದುವವನಿಗೆ ಅದು ಪ್ಲೇಗಿನ ದಶಕವೆಂದೇ ಹೊಳೆಯುವುದಿಲ್ಲ. ಬೆಂಗಳೂರಿನ ಅಂಕಿಯನ್ನು ಮಾತ್ರ ಓದುವವನು ಸತ್ತವರನ್ನೂ ಓಡಿಹೋದವರನ್ನೂ ಒಂದೇ ಎಂದು ಎಣಿಸುತ್ತಾನೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಶವಿದೆ. ಪ್ಲೇಗು ಬಂದ ಮನೆಯವರನ್ನು ಪ್ರತ್ಯೇಕಿಸುವುದು, ಮನೆಯ ಹಂಚು ತೆಗೆಸುವುದು, ಸಾಮಾನುಗಳನ್ನು ಸುಡಿಸುವುದು, ಹೆಂಗಸರ ಮೈಮುಟ್ಟಿ ಪರೀಕ್ಷಿಸುವುದು ಇವೆಲ್ಲ ಆಗ ದೇಶದಲ್ಲಿ ನಡೆದ ಕ್ರಮಗಳು; ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆ ಇವಕ್ಕೆ ಬೆನ್ನೆಲುಬಾಗಿತ್ತು. ರೋಗವನ್ನು ತಿಳಿಸಿದವನಿಗೆ ದಂಡನೆಯೇ ಬಹುಮಾನವಾದಾಗ ಅವನು ತಿಳಿಸುವನೆ? ಜನರು ರೋಗಿಗಳನ್ನು ಬಚ್ಚಿಟ್ಟರು. ಹೆಣವನ್ನು ಕತ್ತಲಲ್ಲಿ ಸಾಗಿಸಿದರು. ಸರ್ಕಾರದ ಭಯ ಹೆಚ್ಚಿದಂತೆಲ್ಲ ಸರ್ಕಾರದ ಲೆಕ್ಕದಲ್ಲಿ ರೋಗ ಇಳಿಯಿತು. ಹೀಗೆ ಪ್ಲೇಗಿನ ಕೋಷ್ಟಕ ರೋಗದ ಅಳತೆಯಾಗುವುದರ ಜೊತೆಗೆ ಪ್ರಜೆಗೂ ಪ್ರಭುತ್ವಕ್ಕೂ ಇದ್ದ ವಿಶ್ವಾಸದ ಅಳತೆಯೂ ಆಗುತ್ತದೆ. ಈ ಎರಡನ್ನು ಬಿಡಿಸಲು ಬೇರೆ ಸಾಕ್ಷ್ಯ ಬೇಕು. ಬೆಂಗಳೂರಿನ ಹಳೆಯ ಬೀದಿಗಳಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಪ್ಲೇಗಮ್ಮನ ಗುಡಿಗಳು ಅಂಥ ಸಾಕ್ಷ್ಯ. ಬಸವನಗುಡಿ ಮಲ್ಲೇಶ್ವರಗಳ ಅಗಲವಾದ ರಸ್ತೆಗಳೂ ಸಾಕ್ಷ್ಯವೇ. ಆ ಬಡಾವಣೆಗಳು ಪ್ಲೇಗಿನ ವರ್ಷಗಳ ಕೂಸು. ಆದರೆ ಗಾಳಿ ಬೆಳಕುಳ್ಳ ಆ ನಿವೇಶನಗಳಿಗೆ ಹೋದವರು ಯಾರು, ಪೇಟೆಯ ಗಲ್ಲಿಯಲ್ಲಿಯೇ ಉಳಿದವರು ಯಾರು, ಹೊಸ ಮನೆಗಳ ಹಿತ್ತಲಿನ ಓಣಿಯಲ್ಲಿ ಮಲ ಹೊರಲು ಬಂದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ನಗರದ ಆರೋಗ್ಯ ಸುಧಾರಿಸಿತೆಂದು ಬರೆಯುವುದು ಅರ್ಧ ಇತಿಹಾಸ.

ಕೃಷ್ಣರಾಜಸಾಗರದ ನಾಲೆಯ ವಿಷಯವನ್ನು ಹೇಳಲು ಮಂಡ್ಯದ ಮಿತ್ರರ ಕ್ಷಮೆ ಬೇಡಬೇಕಾದೀತು. ಇಂದು ವಿಶ್ವೇಶ್ವರಯ್ಯ ನಾಲೆಯೆನಿಸಿಕೊಂಡಿರುವ ಅಂದಿನ ಇರ್ವಿನ್ ನಾಲೆಯ ನೀರು ೧೯೩೦ರ ದಶಕದಲ್ಲಿ ಬಯಲಿಗೆ ಹರಿದಾಗ ರಾಗಿಯ ಹೊಲ ಗದ್ದೆಯಾಯಿತು, ಕಬ್ಬು ಬಂದಿತು, ಸಕ್ಕರೆ ಕಾರ್ಖಾನೆ ಎದ್ದಿತು. ನೀರಿನ ಹಿಂದೆಯೇ ಚಳಿಜ್ವರವೂ ಬಂದಿತು. ನಮ್ಮ ಪಠ್ಯಪುಸ್ತಕಗಳು ಎಕರೆಗಳನ್ನು ಎಣಿಸುತ್ತವೆ, ಜ್ವರವನ್ನು ಎಣಿಸುವುದಿಲ್ಲ. ಮರಣದ ಪಟ್ಟಿಯಿಂದ ಅದನ್ನು ಎಣಿಸುವುದೂ ಕಷ್ಟ. ಚಳಿಜ್ವರ ಕೊಲ್ಲುವುದಕ್ಕಿಂತ ಹೆಚ್ಚಾಗಿ ಕೆಡವುತ್ತದೆ. ನಾಟಿಯ ಹೊತ್ತಿಗೆ ಹಾಸಿಗೆ ಹಿಡಿದ ಒಕ್ಕಲಿನ ನಷ್ಟಕ್ಕೆ ಯಾವ ಕಲಮೂ ಇಲ್ಲ. ಆದುದರಿಂದಲೇ ಮಲೇರಿಯಾ ತಜ್ಞರು ಸಾವಿನ ಪಟ್ಟಿಯನ್ನು ಪಕ್ಕಕ್ಕಿಟ್ಟು ಹಳ್ಳಿಗೆ ಹೋಗಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡಪಕ್ಕೆಯ ಕೆಳಗೆ ಕೈಯಿಟ್ಟು ಗುಲ್ಮ ಊದಿದೆಯೇ ಎಂದು ನೋಡುತ್ತಿದ್ದರು. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಊದಿದೆಯೆಂಬುದೇ ಆ ಊರಿನ ಚಳಿಜ್ವರದ ಅಳತೆ. ಒಂದು ಲೆಕ್ಕ ಕಚೇರಿಯಲ್ಲಿ ಕುಳಿತು ಸಾವಿಗಾಗಿ ಕಾಯುತ್ತದೆ. ಇನ್ನೊಂದು ಬದುಕಿರುವವರ ಬಳಿಗೆ ನಡೆದುಹೋಗುತ್ತದೆ. ಇತಿಹಾಸದ ವಿದ್ಯಾರ್ಥಿ ಈ ಎರಡು ಜಾತಿಯ ಆಕರಗಳನ್ನು ಒಂದೇ ಗಂಟಿನಲ್ಲಿ ಕಟ್ಟಬಾರದು.

ಕೊಲ್ಲದ ರೋಗದ ಪರಾಕಾಷ್ಠೆಯನ್ನು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ನೋಡಬಹುದು. ಹಂದಿಗೋಡಿನಲ್ಲಿ ೧೯೭೦ರ ದಶಕದ ನಡುವೆ ಬೆಳಕಿಗೆ ಬಂದು ಆ ಊರಿನ ಹೆಸರನ್ನೇ ಪಡೆದ ಕಾಯಿಲೆ ಸೊಂಟ ಮೊಣಕಾಲುಗಳ ಕೀಲುಗಳನ್ನು ಸವೆಸಿ, ಮನುಷ್ಯನನ್ನು ಬಗ್ಗಿಸಿ, ಕೋಲು ಹಿಡಿಸುತ್ತದೆ. ಅದು ಆನುವಂಶಿಕವೆಂದು ಮುಂದೆ ತಜ್ಞರು ಹೇಳಿದರು. ತುತ್ತಾದವರು ಹೆಚ್ಚಾಗಿ ಅನ್ಯರ ಗದ್ದೆ ತೋಟಗಳಲ್ಲಿ ಕೂಲಿ ಮಾಡುವ ದಲಿತ ಕುಟುಂಬದವರು. ಬಗ್ಗಿ ಏಳುವ ಶಕ್ತಿಯೇ ಬಂಡವಾಳವಾದ ಮನೆಗೆ ಇದಕ್ಕಿಂತ ದೊಡ್ಡ ಕೇಡುಂಟೆ? ಆದರೂ ಆ ತಾಲ್ಲೂಕಿನ ಮರಣಪ್ರಮಾಣವನ್ನು ಎಷ್ಟು ವರ್ಷ ತಿರುವಿಹಾಕಿದರೂ ಈ ಕೇಡಿನ ನೆರಳು ಕಾಣದು. ಅದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಆದದ್ದು ಇದಕ್ಕೆ ವಿರುದ್ಧ. ಅಲ್ಲಿ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುದನ್ನೂ ಊರಿನಲ್ಲಿ ಜ್ವರ ಹಬ್ಬುತ್ತಿದ್ದುದನ್ನೂ ಜೋಡಿಸಿ ಜನರು ‘ಮಂಗನ ಕಾಯಿಲೆ’ ಎಂದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ವೈರಸ್ಸನ್ನು ಬೇರ್ಪಡಿಸಿ, ಅದನ್ನು ಹರಡುವುದು ಉಣುಗೆಂದು ತೋರಿಸಿದರು. ಸತ್ತ ಮಂಗನನ್ನು ಎಣಿಸುವ ಕಲಮು ಯಾವ ಆರೋಗ್ಯ ಇಲಾಖೆಯ ಪಟ್ಟಿಯಲ್ಲಿಯೂ ಅಂದು ಇರಲಿಲ್ಲ. ಸೌದೆಗೆ ಹೋಗುವವರ, ದನ ಕಾಯುವವರ ಕಣ್ಣು ಅದನ್ನು ಎಣಿಸಿತ್ತು.

ಸ್ವಾತಂತ್ರ್ಯಾನಂತರ ನಡೆದುಹೋಗುವ ಬಗೆಯ ಲೆಕ್ಕಗಳೇ ಬಲಗೊಂಡವೆಂಬುದು ಸಂತೋಷದ ಸಂಗತಿ. ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಸೇರಿ ಮೈಸೂರು ಸೀಮೆಯಲ್ಲಿ ೧೯೫೦ರ ದಶಕದ ಆರಂಭದಲ್ಲಿ ಮನೆಮನೆಗೆ ಹೋಗಿ ನಡೆಸಿದ ಜನಸಂಖ್ಯಾ ಅಧ್ಯಯನ ೧೯೬೧ರಲ್ಲಿ ಅಚ್ಚಾಯಿತು. ಅದನ್ನು ನಮ್ಮ ಇತಿಹಾಸ ವಿಭಾಗಗಳು ಅರ್ಥಶಾಸ್ತ್ರದವರ ಪಾಲಿಗೆ ಬಿಟ್ಟುಬಿಟ್ಟಿವೆ. ೧೯೬೯ರಲ್ಲಿ ಜನನ-ಮರಣ ನೋಂದಣಿಯ ಕಾಯಿದೆ ಬಂದಿತು. ಮಾದರಿ ನೋಂದಣಿ ಪದ್ಧತಿಯೂ, ಬಹಳ ಮುಂದೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಬಂದುವು. ಈಗಿನ ಸಂಶೋಧಕನಿಗೆ ಸಾಮಗ್ರಿಯ ಬಡತನವಿಲ್ಲ. ಆದರೆ ವಿಮರ್ಶೆಯ ಕೆಲಸ ಮುಗಿಯಿತೆಂದಲ್ಲ. ಕರ್ನಾಟಕದಲ್ಲಿ ಸಾವಿರ ಜೀವಂತ ಜನನಗಳಿಗೆ ಶಿಶುಮರಣ ೨೦೧೯ರಲ್ಲಿ ೨೧ ಎಂದು ಮಾದರಿ ನೋಂದಣಿ ಹೇಳಿದರೆ, ಅದೇ ವರ್ಷ ರಾಜ್ಯದಲ್ಲಿ ನಡೆದ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆ ೨೫.೪ ಎನ್ನುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರದು ಒಂದು ವರ್ಷದ ಲೆಕ್ಕ, ಇನ್ನೊಬ್ಬರದು ತಾಯಂದಿರನ್ನು ಕೇಳಿ ಪಡೆದ, ಹಿಂದಿನ ಐದು ವರ್ಷಗಳ ಲೆಕ್ಕ. ಒಂದರಿಂದ ಒಂದು ವರ್ಷವನ್ನೂ ಇನ್ನೊಂದರಿಂದ ಮತ್ತೊಂದು ವರ್ಷವನ್ನೂ ಎತ್ತಿಕೊಂಡು ‘ಪ್ರಗತಿ’ಯ ಗೆರೆ ಎಳೆದ ಲೇಖನಗಳು ನಮ್ಮ ಕಣ್ಣಿಗೆ ಬಿದ್ದಿವೆ.

ಇನ್ನೂ ಕುತೂಹಲಕರವಾದುದು ಅದೇ ಸಮೀಕ್ಷೆಯ ಬೇರೆ ಪುಟಗಳಲ್ಲಿದೆ. ೨೦೧೫-೧೬ರ ಸಮೀಕ್ಷೆಗೂ ೨೦೧೯ರದಕ್ಕೂ ನಡುವೆ ಆಸ್ಪತ್ರೆಯಲ್ಲಿ ಆಗುವ ಹೆರಿಗೆ ನೂರಕ್ಕೆ ೯೪ರಿಂದ ೯೭ಕ್ಕೆ ಏರಿದೆ. ಅದೇ ಅವಧಿಯಲ್ಲಿ ರಕ್ತಹೀನತೆಯುಳ್ಳ ಸ್ತ್ರೀಯರ ಪ್ರಮಾಣ ೪೪.೮ರಿಂದ ೪೭.೮ಕ್ಕೆ, ಐದು ವರ್ಷದೊಳಗಿನ ಮಕ್ಕಳಲ್ಲಿ ೬೦.೯ರಿಂದ ೬೫.೫ಕ್ಕೆ ಏರಿದೆ. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ೩೬.೨ರಿಂದ ೩೫.೪ಕ್ಕೆ ಇಳಿದಿದ್ದಾರೆ, ಎಂದರೆ ಇದ್ದಲ್ಲಿಯೇ ಇದ್ದಾರೆ. ಹೆರಿಗೆಗೆ ಆಸ್ಪತ್ರೆಯ ಬಾಗಿಲವರೆಗೆ ತಾಯಿಯನ್ನು ಕರೆತಂದ ರಾಜ್ಯ, ಅವಳ ತಟ್ಟೆಯವರೆಗೆ ಹೋಗಲಾಗಿಲ್ಲವೆಂದು ಇದರ ಅರ್ಥವೆ? ನಮಗೆ ಹಾಗೆ ತೋರುತ್ತದೆ. ಆದರೆ ಬೆರಳ ತುದಿಯಿಂದ ತೆಗೆದ ರಕ್ತದ ಹನಿಯ ಪರೀಕ್ಷೆ ನಂಬತಕ್ಕದ್ದಲ್ಲವೆಂಬ ಆಕ್ಷೇಪವೆದ್ದು, ಆರನೆಯ ಸಮೀಕ್ಷೆಯಿಂದ ಆ ಪರೀಕ್ಷೆಯನ್ನೇ ಕೈಬಿಡಲಾಯಿತು. ಆಕ್ಷೇಪ ಶಾಸ್ತ್ರೀಯವಾಗಿ ನಿಲ್ಲತಕ್ಕದ್ದೇ ಇರಬಹುದು. ಒಂದು ಕಲಮು ಪಟ್ಟಿಯಿಂದ ಮರೆಯಾದ ಮೇಲೆ ಅದು ತೋರಿಸುತ್ತಿದ್ದ ಬೇನೆಯೂ ಚರ್ಚೆಯಿಂದ ಮರೆಯಾಗುವ ಅಪಾಯವನ್ನು ಮಾತ್ರ ‘ಜ್ವರ’ದ ಕಲಮನ್ನು ಓದಿದವರು ಬೇಗ ಗುರುತಿಸಬಲ್ಲರು.

ಪ್ರಾದೇಶಿಕ ಅಸಮತೋಲನವನ್ನು ಕುರಿತ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ೨೦೦೨ರ ವರದಿಯನ್ನೂ ಈ ದೃಷ್ಟಿಯಿಂದ ಓದಬೇಕು. ರಾಜ್ಯದ ೧೭೫ ತಾಲ್ಲೂಕುಗಳನ್ನು ೩೫ ಸೂಚಕಗಳಿಂದ ಅಳೆದು, ೧೧೪ ಹಿಂದುಳಿದಿವೆಯೆಂದೂ ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದಿವೆಯೆಂದೂ ಆ ಸಮಿತಿ ತೋರಿಸಿತು. ಆ ೩೯ರಲ್ಲಿ ೨೧ ಅಂದಿನ ಗುಲಬರ್ಗಾ ವಿಭಾಗದವು. ಸರಾಸರಿಯ ಮರೆಯಲ್ಲಿದ್ದ ಊರುಗಳನ್ನು ಹೆಸರು ಹಿಡಿದು ಕರೆದ ಈ ಉಪಕಾರವನ್ನು ಸಣ್ಣದೆನ್ನಲಾಗದು. ಆದರೆ ಅದರಲ್ಲಿ ಆರೋಗ್ಯದ ಅಳತೆಯೆಂದರೆ ಮುಖ್ಯವಾಗಿ ವೈದ್ಯರೆಷ್ಟು, ಆಸ್ಪತ್ರೆಯ ಹಾಸಿಗೆಗಳೆಷ್ಟು ಎಂಬುದು. ಎಂದರೆ ಸರ್ಕಾರ ಏನನ್ನು ಒದಗಿಸಿತೆಂಬ ಲೆಕ್ಕ. ಆ ಹಾಸಿಗೆಯ ಮೇಲೆ ಮಲಗಿದವರು ಯಾವ ಕೇರಿಯವರು, ಎಷ್ಟು ದೂರದಿಂದ ಬಂದರು, ಎಷ್ಟು ದಿನದ ಕೂಲಿ ಬಿಟ್ಟು ಬಂದರು ಎಂಬುದು ಇನ್ನೂ ಬರೆಯಬೇಕಾಗಿರುವ ಲೆಕ್ಕ. ಯಾದಗಿರಿ ರಾಯಚೂರುಗಳ ಕಡೆಯಿಂದ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿ, ಕಟ್ಟಡದ ಪಕ್ಕದ ತಗಡಿನ ಗುಡಿಸಿಲಿನಲ್ಲಿ ಕೂಸನ್ನು ಕಳೆದುಕೊಳ್ಳುವ ಹೆಂಗಸಿನ ದುಃಖವನ್ನು ಯಾವ ತಾಲ್ಲೂಕಿನ ಹೆಸರಿನಲ್ಲಿ ಬರೆಯಬೇಕೆಂಬ ಪ್ರಶ್ನೆ, ಧಾತು ಸಂವತ್ಸರದ ಸಾಲುಮರದ ಕೆಳಗೆ ಬಿದ್ದವನ ಪ್ರಶ್ನೆಯೇ ಆಗಿದೆ. ತಾಲ್ಲೂಕು ಕಚೇರಿಗಳಲ್ಲಿ ಹಳೆಯ ಮರಣದ ರಿಜಿಸ್ಟರುಗಳು ಉಳಿದಿರುವೆಡೆ, ಅವನ್ನು ಅದೇ ಊರುಗಳ ಶಾಲಾ ದಾಖಲೆ, ಕಂದಾಯದ ಬಾಕಿ ಪಟ್ಟಿ, ಆಸ್ಪತ್ರೆಯ ಹೊರರೋಗಿಗಳ ಪುಸ್ತಕಗಳ ಜೊತೆಗೆ ಜೋಡಿಸಿ ಓದುವ ಕೆಲಸವನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ಒಂದೊಂದು ಹೋಬಳಿಯಿಂದ ಆರಂಭಿಸಬಹುದು. ಆ ರಿಜಿಸ್ಟರುಗಳ ಕಾಗದ ಪುಡಿಯಾಗುತ್ತಿರುವುದರಿಂದ ಈ ಕೆಲಸಕ್ಕೆ ಹೆಚ್ಚು ಕಾಲಾವಕಾಶವಿಲ್ಲ.